ಯಾರ ಮುಖದ ಅಳತೆ?

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ದುಡಿಯುವ ನಾಲ್ವರಲ್ಲಿ ಸುಮಾರು ಮೂವರು ಮಹಿಳೆಯರು. ಆದರೂ 2020ರಲ್ಲಿ ಕೊರೊನಾ ಅಪ್ಪಳಿಸಿದಾಗ ಅವರ ಕೈಗೆ ಬಂದ ಮಾಸ್ಕ್‌ಗಳಲ್ಲಿ ಹಲವು ಗಂಡಸರ ಮುಖದ ಅಳತೆಯವು! ತೀವ್ರ ನಿಗಾ ಘಟಕದ ಮಾಸ್ಕ್ ಕೆನ್ನೆಗೆ ಬಿಗಿಯಾಗಿ ಕೂರಬೇಕು. ಸಂದಿ ಉಳಿದರೆ ಗಾಳಿಯೊಡನೆ ವೈರಾಣುವೂ ಒಳನುಗ್ಗುತ್ತದೆ. ಗಡ್ಡ ಬಿಡುವ ಸಿಖ್ ವೈದ್ಯರದ್ದೂ ಇದೇ ಪಾಡು.

ಆ ವಸಂತದಲ್ಲಿ ಅಲ್ಲಿ ಕೋವಿಡ್‌ಗೆ ಬಲಿಯಾದರೆಂದು ಹೆಸರು ಪ್ರಕಟವಾದ ಮೊದಲ ಹತ್ತು ವೈದ್ಯರೂ ಏಷ್ಯಾ ಇಲ್ಲವೇ ಆಫ್ರಿಕಾ ಮೂಲದವರು. ಆಗ ಎನ್‌ಎಚ್‌ಎಸ್ ವೈದ್ಯರಲ್ಲಿ ಬಿಳಿಯರಲ್ಲದವರು ಅರ್ಧಕ್ಕಿಂತ ಕಡಿಮೆ ಇದ್ದರು ಎಂಬುದನ್ನು ಗಮನಿಸಿ. ಸಾಕಷ್ಟು ರಕ್ಷಣೆಯಿಲ್ಲದೆ ರೋಗಿಯ ಬಳಿ ಹೋಗುವ ಒತ್ತಡ ತಮಗಿತ್ತೆಂದು ವೈದ್ಯರ ಸಂಘದ ಸಮೀಕ್ಷೆಯಲ್ಲಿ ಹೇಳಿದವರಲ್ಲೂ ಇವರ ಪಾಲೇ ಹೆಚ್ಚು. ವೀಸಾ ನೆಚ್ಚಿ ಬದುಕುವವರಿಗೆ ‘ಆಗದು’ ಎನ್ನುವುದು ಸುಲಭವೇ?