ಹೆಣ್ಣುಮಕ್ಕಳ ಕಾಲೇಜು ಪ್ರವೇಶವೂ ದತ್ತಿನಿಧಿಗಳೂ

ಹೆಣ್ಣುಮಕ್ಕಳಿಗೆಂದೇ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಆರಂಭವಾದುದು 1921 ರಲ್ಲಿ. ಮೈಸೂರಿನಲ್ಲಿ 1881 ರಲ್ಲಿ ಬಾಲಿಕೆಯರ ಶಾಲೆಯಾಗಿ ತೊಡಗಿದ ಮಹಾರಾಣಿ ಸಂಸ್ಥೆ ಮುಂದೆ ಕಾಲೇಜಾಗಿ ಬೆಳೆಯಿತು. ವಿಜಯಪುರದಲ್ಲಿ 2003 ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾನಿಲಯವು ಇಂದು ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಬಾಗಿಲುಗಳೇನೋ ತೆರೆದಿವೆ. ಆದರೆ ಹಳ್ಳಿಯ ಬಡ ವಿದ್ಯಾರ್ಥಿನಿಯು ಆ ಹೊಸ್ತಿಲನ್ನು ದಾಟುವಳೋ ಇಲ್ಲವೋ ಎಂಬುದು ಆಕೆಯ ಅಂಕಗಳಿಂದ ಮಾತ್ರ ತೀರ್ಮಾನವಾಗುವ ಸಂಗತಿಯಲ್ಲ.

ಸುಳ್ಯ ತಾಲೂಕಿನ ಮಂಡೆಕೋಲು ಗ್ರಾಮವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೇರಳದ ಗಡಿಗೆ ತಾಗಿಕೊಂಡಿರುವ, ಅಡಿಕೆಯನ್ನು ನಂಬಿದ ಊರದು. ಅಲ್ಲಿಯ ಬಾಲಿಕೆಯರಿಗೆ ಸುಳ್ಯದಲ್ಲಿ 1976 ರಲ್ಲಿ ಆರಂಭವಾದ ನೆಹರು ಮೆಮೋರಿಯಲ್ ಕಾಲೇಜು ಹತ್ತಿರದಲ್ಲಿದೆ. ಕುರುಂಜಿ ವೆಂಕಟರಮಣ ಗೌಡರು ಅದನ್ನು ಕಟ್ಟದಿದ್ದರೆ ಆ ಸೀಮೆಯ ಎಷ್ಟು ಹೆಣ್ಣುಮಕ್ಕಳ ಓದು ನಡುವೆಯೇ ನಿಲ್ಲುತ್ತಿತ್ತೋ! 2023 ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಪ್ರಯಾಣವೂ ಉಚಿತವಾಯಿತು. ಆದರೆ ಉತ್ತಮ ಅಂಕ ಗಳಿಸಿದ ಬಾಲಿಕೆಯೊಬ್ಬಳು ಮಂಗಳೂರಿನ ಮಹಿಳಾ ಕಾಲೇಜನ್ನು ಬಯಸಿದಳೆನ್ನೋಣ. ಸುಳ್ಯದಿಂದಲೇ ಅದು 80 ಕಿಲೋಮೀಟರಿಗೂ ಹೆಚ್ಚಿನ ದಾರಿ. ದಿನವೂ ಹೋಗಿಬರುವ ಮಾತಲ್ಲ. ವಿದ್ಯಾರ್ಥಿನಿಲಯವನ್ನು ಸೇರಲೇಬೇಕು. ನಗರದೊಳಗಿನ ಬಸ್ಸುಗಳು ಬಹುಪಾಲು ಖಾಸಗಿಯವಾದುದರಿಂದ ಅಲ್ಲಿ ಟಿಕೆಟ್ಟಿನ ಹಣವನ್ನೂ ತೆರಬೇಕು.

ಅಂಕಗಳ ಸ್ಪರ್ಧೆಯ ಮಾತನ್ನು ಎಲ್ಲರೂ ಆಡುತ್ತಾರೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಒದಗುವ ಸೋಲಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಪಟ್ಟಿ ಹೊರಬಿದ್ದ ಕೆಲವೇ ದಿನಗಳಲ್ಲಿ ಶುಲ್ಕವನ್ನೂ ನಿಲಯದ ಮುಂಗಡವನ್ನೂ ಕಟ್ಟಬೇಕು. ಕಾಲವೋ ಮಳೆಗಾಲದ ಬಾಗಿಲು. ಹಿಂದಿನ ಕೊಯ್ಲಿನ ಹಣ ಕರಗಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಖರ್ಚು ಎದುರಿಗೆ ನಿಂತಿರುತ್ತದೆ. ಸುಳ್ಯ ತಾಲೂಕಿನ ಅನೇಕ ತೋಟಗಳನ್ನು ಹಳದಿ ಎಲೆ ರೋಗ ತಿಂದಿರುವುದು ಬೇರೆ. ಇಂಥ ಮನೆಯಲ್ಲಿ ತಂದೆ "ಮುಂದಿನ ವರ್ಷ ನೋಡೋಣ ಮಗಳೇ" ಎಂದರೆ ಅವನನ್ನು ಕಠಿಣಹೃದಯಿಯೆಂದು ಜರೆಯುವುದು ನ್ಯಾಯವಲ್ಲ.

ನೆರವೇ ಇಲ್ಲವೆಂದಲ್ಲ. ರೈತರ ಮಕ್ಕಳಿಗಾಗಿ 2021 ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಪದವಿ ತರಗತಿಯ ವಿದ್ಯಾರ್ಥಿನಿಗೆ ವರ್ಷಕ್ಕೆ 5,500 ರೂಪಾಯಿ ನಿಗದಿಯಾಯಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ವರ್ಷಕ್ಕೆ 30,000 ರೂಪಾಯಿಗಳ ವಿದ್ಯಾರ್ಥಿನಿವೇತನವನ್ನು 2025 ರಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೂ ವಿಸ್ತರಿಸಿದುದು ನಿಜಕ್ಕೂ ದೊಡ್ಡ ಕೆಲಸ. ಆದರೆ ಇದಕ್ಕೆ ಅರ್ಜಿ ಹಾಕುವುದು ಕಾಲೇಜನ್ನು ಸೇರಿದ ಮೇಲೆ. ಸೇರುವುದಕ್ಕೇ ಹಣವಿಲ್ಲದವಳು ಅರ್ಜಿಯ ತನಕ ತಲಪುವುದು ಹೇಗೆ? ಇನ್ನೊಂದು ಸಂಗತಿಯನ್ನು ಈ ಸಂಚಿಕೆಯ ಓದುಗರು ವಿಶೇಷವಾಗಿ ಗಮನಿಸಬೇಕು. ಹತ್ತನೆಯ ತರಗತಿಯನ್ನೂ ಪಿ.ಯು.ಸಿ.ಯನ್ನೂ ಸರ್ಕಾರಿ ಸಂಸ್ಥೆಗಳಲ್ಲಿ ಮುಗಿಸಿದವರಿಗಷ್ಟೆ ಆ ವೇತನ. ಮಠಮಾನ್ಯಗಳು ನಡೆಸುವ ಶಾಲೆಯಲ್ಲಿ ಓದಿದ ಬಾಲಿಕೆ ಎಷ್ಟೇ ಬಡವಳಾಗಿದ್ದರೂ ಅದಕ್ಕೆ ಅರ್ಹಳಲ್ಲ.

ಅಮೆರಿಕದ ವೆಲ್ಲೆಸ್ಲಿ ಮಹಿಳಾ ಕಾಲೇಜಿಗೆ ಪ್ರವೇಶ ದೊರೆಯುವುದು ಬಹಳ ಕಷ್ಟ. ಆದರೂ ಆ ದೇಶದ ಪ್ರಜೆಗಳನ್ನು ಆಯ್ಕೆಮಾಡುವಾಗ ಮನೆಯ ಆದಾಯವನ್ನು ಅಲ್ಲಿ ಪರಿಗಣಿಸುವುದಿಲ್ಲ. ಆಯ್ಕೆಯಾದವಳ ಕೊರತೆ ಎಷ್ಟೆಂದು ಲೆಕ್ಕಹಾಕಿ ಅಷ್ಟನ್ನೂ ತುಂಬಿಕೊಡುತ್ತಾರೆ. ಪರದೇಶದ ಅರ್ಜಿದಾರರಿಗೆ ಈ ಔದಾರ್ಯವು ಪೂರ್ತಿಯಾಗಿ ಅನ್ವಯಿಸದೆಂಬುದು ಬೇರೆ ಮಾತು. ಅದಕ್ಕೆ ಅಪಾರವಾದ ನಿಧಿ ಬೇಕೆಂಬುದೂ ನಿಜವೇ. ಆದರೆ ಪ್ರವೇಶವನ್ನೂ ನೆರವನ್ನೂ ಒಟ್ಟಿಗೇ ಯೋಚಿಸುವುದಕ್ಕೆ ಅಂಥ ನಿಧಿಯೇನೂ ಬೇಕಿಲ್ಲ.

ಮಠಗಳ ಉಚಿತ ಪ್ರಸಾದನಿಲಯಗಳು ಈ ಮರ್ಮವನ್ನು ಬಹು ಹಿಂದೆಯೇ ಅರಿತಿದ್ದುವು. ಊಟ, ವಸತಿಗಳ ಚಿಂತೆ ಮೊದಲು ಕಳೆಯಬೇಕು, ಓದು ಅನಂತರದ್ದು ಎಂಬುದೇ ಅವುಗಳ ಕ್ರಮ. ಆದರೆ ಅವುಗಳಲ್ಲಿ ಬಹುಪಾಲು ಬಾಲಕರಿಗಾಗಿ ಹುಟ್ಟಿದುವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಇಂದು ದಾನಿಗಳು ಸ್ಥಾಪಿಸುವ ದತ್ತಿಗಳು ಸಾಮಾನ್ಯವಾಗಿ ಅತಿ ಹೆಚ್ಚು ಅಂಕ ಪಡೆದವರ ಬಹುಮಾನಕ್ಕಾಗಿ ಮೀಸಲು. ಪದಕ ಕೊಡುವುದು ತಪ್ಪಲ್ಲ. ವೇದಿಕೆಯ ಮೇಲೆ ದಾತೃವಿನ ತಂದೆತಾಯಿಯರ ಹೆಸರನ್ನು ಓದಿದಾಗ ಆಗುವ ಸಂತೋಷವೂ ಸಹಜವಾದುದೇ. ಆದರೆ ಬಡ್ಡಿಯ ಅರ್ಧಭಾಗವನ್ನಾದರೂ ಹೊರ ಊರಿನ ಕಾಲೇಜಿಗೆ ಆಯ್ಕೆಯಾದ ಬಾಲಿಕೆಯರ ನಿಲಯದ ಮುಂಗಡಕ್ಕೆ ತೆಗೆದಿರಿಸಬಾರದೇಕೆ? ಸಹಾಯವು ಬೇಕಾದವರಿಗೆ ಮುಟ್ಟದೆ ಬೇಕಾದವರ ಪಾಲಾದೀತು ಎಂಬ ಶಂಕೆ ಸಹಜ. ಮಕ್ಕಳ ಮನೆಯ ಸ್ಥಿತಿಯನ್ನು ಮೂರು ವರ್ಷ ಕಣ್ಣಾರೆ ಕಂಡ ತರಗತಿಯ ಉಪಾಧ್ಯಾಯರ ಮಾತಿಗೆ ಬೆಲೆ ಕೊಟ್ಟರೆ ಆ ಶಂಕೆ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಮಂಗಳೂರು, ಮೈಸೂರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರು ಪ್ರವೇಶದ ದಿನ ಜೊತೆಯಲ್ಲಿ ಹೋಗಿ ನಿಂತರೆ ಅದೂ ಒಂದು ದತ್ತಿಯೇ. ಹಣವು ಕೈಸೇರಬೇಕಾದುದು ಆಯ್ಕೆಯ ಪಟ್ಟಿ ಪ್ರಕಟವಾದ ವಾರದಲ್ಲಿ. ಹಾರ ತುರಾಯಿಗಳ ಸಮಾರಂಭವನ್ನು ಡಿಸೆಂಬರಿನಲ್ಲಿ ನಡೆಸಿಕೊಂಡರೂ ಬಾಧಕವಿಲ್ಲ.