ಮೇನ್‌ಗಿಂತ ಮುಂಚೆ ನಡೆಯುವ ಕೆಲಸ

ಸಿ ಭಾಷೆಯ ಮೊದಲ ಪಾಠದಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ಪ್ರೋಗ್ರಾಮಿನ ಕಾರ್ಯವು ಮೇನ್ ಎಂಬ ಫಂಕ್ಷನ್ನಿನಿಂದ ಆರಂಭವಾಗುತ್ತದೆ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಪ್ರೋಗ್ರಾಮು ಬರೆಯುವವರ ದೃಷ್ಟಿಯಿಂದ ಆ ಮಾತು ಸರಿ. ಯಂತ್ರದ ದೃಷ್ಟಿಯಿಂದ ಅದು ಅರ್ಧಸತ್ಯ. ಗಣಕವನ್ನು ಕುರಿತು ಕನ್ನಡದಲ್ಲಿ ಬರೆಯುವವರು ಇಂಗ್ಲಿಷ್ ಪಠ್ಯದ ಈ ಅರ್ಧಸತ್ಯವನ್ನು ಹಾಗೆಯೇ ಇಳಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಇದು ಗಣಕ ವಿಭಾಗದ ಚಿಂತೆ, ಕನ್ನಡ ಐಚ್ಛಿಕದವರಿಗೇಕೆ ಎಂಬ ಪ್ರಶ್ನೆ ಸಹಜವೇ. ಆದರೆ ವಿವರಣೆಯ ಗದ್ಯವನ್ನು ಕಟ್ಟುವುದು ಭಾಷೆಯ ಕೆಲಸ. ಭಾಷೆ ಓದಿದವರೇ ಆ ಕಡೆ ಸುಳಿಯದಿದ್ದರೆ ಕನ್ನಡವು ಕಥೆ ಕವಿತೆಗಳಿಗಷ್ಟೇ ಸಾಕು ಎಂಬ ತೀರ್ಮಾನವನ್ನು ಇತರರು ಸುಲಭವಾಗಿ ಮಾಡಿಬಿಡುತ್ತಾರೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಭಾಷೆಯನ್ನು ರೂಪಿಸಿದರು. ಆ ಭಾಷೆ ಬೆಳೆದ ಯೂನಿಕ್ಸ್ ಪರಂಪರೆಯಲ್ಲಿ ಪ್ರತಿ ಪ್ರೋಗ್ರಾಮಿನ ತಲೆಗೆ 'ಸಿಆರ್‌ಟಿ0' ಎಂಬ ಚಿಕ್ಕ ಕಡತವೊಂದನ್ನು ಜೋಡಿಸುವ ರೂಢಿಯಿದೆ. ಬರೆದವರು ಕೇಳದೆಯೇ ಲಿಂಕರ್ ಅದನ್ನು ತಂದು ಕೂಡಿಸುತ್ತದೆ. ಹೆಸರಿನ ಕೊನೆಯ ಸೊನ್ನೆಯೇ ಅದು ಎಲ್ಲಕ್ಕಿಂತ ಮೊದಲಿನದು ಎಂದು ಸೂಚಿಸುತ್ತದೆ.

ಅದರ ಕೆಲಸವನ್ನು ತಿಳಿಯಲು ಸಣ್ಣ ಯಂತ್ರಗಳೇ ಒಳ್ಳೆಯ ಉದಾಹರಣೆ. ಆರ್ಮ್ ಸಂಸ್ಥೆಯ ಕಾರ್ಟೆಕ್ಸ್-ಎಂ ಬಗೆಯ ಚಿಪ್ಪಿಗೆ ವಿದ್ಯುತ್ತು ಬಂದೊಡನೆ ಅದು ಎರಡು ಅಂಕಿಗಳನ್ನು ಓದಿಕೊಳ್ಳುತ್ತದೆ. ಮೊದಲ 4 ಬೈಟುಗಳಲ್ಲಿ ಸ್ಟ್ಯಾಕ್ ಎಲ್ಲಿಂದ ಆರಂಭವಾಗಬೇಕು ಎಂಬ ವಿಳಾಸ. ಮುಂದಿನ 4 ಬೈಟುಗಳಲ್ಲಿ ಯಾವ ಆದೇಶದಿಂದ ಕೆಲಸ ಶುರುವಾಗಬೇಕು ಎಂಬ ವಿಳಾಸ. ಈ ಎರಡನೆಯ ವಿಳಾಸ ಮೇನ್‌ನದಾಗಿರುವುದಿಲ್ಲ. ಅಲ್ಲಿ ಆರಂಭದ ಸಂಕೇತ ಕಾದಿರುತ್ತದೆ. ಪ್ರೋಗ್ರಾಮಿನಲ್ಲಿ ಒಂದು ಚರಕ್ಕೆ 25 ಎಂದು ಆರಂಭದ ಬೆಲೆ ಕೊಟ್ಟಿದ್ದರೆ, ಆ 25 ವಿದ್ಯುತ್ತು ಹೋದರೂ ಅಳಿಯದ ಫ್ಲ್ಯಾಶ್ ಸ್ಮೃತಿಯಲ್ಲಿ ಇರುತ್ತದೆ. ಚರವು ಬದುಕುವುದು ಮಾತ್ರ ರ‍್ಯಾಮಿನಲ್ಲಿ. ಅಲ್ಲಿಂದ ಇಲ್ಲಿಗೆ ಅದನ್ನು ಹೊತ್ತು ತರುವುದು ಈ ಸಂಕೇತ. ಬೆಲೆ ಕೊಡದ ಜಾಗತಿಕ ಚರಗಳೆಲ್ಲ ಸೊನ್ನೆಯಾಗಿರಬೇಕೆಂದು ಸಿ ಭಾಷೆಯ ನಿಯಮ ಹೇಳುತ್ತದೆ. ನಿಯಮ ಹೇಳಿದ ಮಾತ್ರಕ್ಕೆ ಸೊನ್ನೆ ತಾನಾಗಿ ಬಂದು ಕೂರುವುದಿಲ್ಲ. ವಿದ್ಯುತ್ತು ಬಂದ ಕ್ಷಣದಲ್ಲಿ ರ‍್ಯಾಮಿನೊಳಗೆ ಏನಿರುತ್ತದೆಂದು ನಂಬುವಂತಿಲ್ಲ. ಆ ಭಾಗವನ್ನು ಒಂದೊಂದಾಗಿ ಒರೆಸುವ ಕೆಲಸವೂ ಇದರದೇ. ಒರೆಸುವುದು ತಪ್ಪಿದರೆ, ಸೊನ್ನೆಯಿಂದ ಎಣಿಸಬೇಕಾದ ಪ್ರೋಗ್ರಾಮು ಯಾವುದೋ ಕಸದ ಅಂಕಿಯಿಂದ ಎಣಿಸತೊಡಗುತ್ತದೆ. ಆಗ ಬರೆದವರು ಮೇನ್‌ನ ಸಾಲುಗಳನ್ನು ಎಷ್ಟು ಸಲ ತಿರುವಿ ಹಾಕಿದರೂ ದೋಷ ಸಿಗದು. ಅದು ಅಲ್ಲಿಲ್ಲ.

ಇಂಥ ಸಂಕೇತವನ್ನು ಬಹುಮಟ್ಟಿಗೆ ಅಸೆಂಬ್ಲಿಯಲ್ಲಿ ಬರೆಯುವುದಕ್ಕೆ ಕಾರಣವಿದೆ. (ಅಸೆಂಬ್ಲಿ ಎಂದೊಡನೆ ವಿಧಾನಸಭೆಯನ್ನು ನೆನೆಯುವವರಿಗೆ: ಇದು ಯಂತ್ರದ ಆದೇಶಗಳನ್ನು ಒಂದೊಂದಾಗಿ ಬರೆಯುವ ಭಾಷೆ.) ಸಿ ಭಾಷೆಯ ಫಂಕ್ಷನ್ನುಗಳು ಸ್ಟ್ಯಾಕ್ ಸಿದ್ಧವಾಗಿದೆ ಎಂದು ನಂಬಿಯೇ ಹೊರಡುತ್ತವೆ. ಸ್ಟ್ಯಾಕ್ ಎಂದರೆ ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಯಂತೆ. ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಬರುತ್ತದೆ. ಬುಟ್ಟಿಯೇ ಇಲ್ಲದಾಗ ರೊಟ್ಟಿ ಎಲ್ಲಿಡುವುದು? ಬುಟ್ಟಿ ತಂದಿಡುವ ಕೆಲಸ ಬುಟ್ಟಿ ಬೇಡದ ಭಾಷೆಯಲ್ಲೇ ಆಗಬೇಕು. ಕಾರ್ಟೆಕ್ಸ್-ಎಂ ಚಿಪ್ಪಿನಲ್ಲಿ ಯಂತ್ರವೇ ಅದನ್ನು ಇಟ್ಟುಕೊಡುವುದರಿಂದ ಅಲ್ಲಿ ಆರಂಭದ ಸಂಕೇತವನ್ನು ಸಿ ಭಾಷೆಯಲ್ಲೂ ಬರೆಯಬಹುದು. ಎಲ್ಲ ಯಂತ್ರಗಳೂ ಅಷ್ಟು ಉದಾರಿಗಳಲ್ಲ.

ಲಿನಕ್ಸ್ ಇರುವ ಗಣಕದಲ್ಲಿ ಸ್ಮೃತಿಯನ್ನು ಅಣಿಗೊಳಿಸುವ ಭಾರವನ್ನು ಕರ್ನೆಲ್ ಹೊರುತ್ತದೆ. ಅಲ್ಲಿ 'ಸ್ಟಾರ್ಟ್' ಎಂಬ ಗುರುತಿನಲ್ಲಿರುವ ಕೆಲವೇ ಸಾಲುಗಳು, ಬಳಕೆದಾರರು ಕೊಟ್ಟ ಮಾಹಿತಿಯನ್ನು ಸ್ಟ್ಯಾಕಿನಿಂದ ಎತ್ತಿಕೊಂಡು, ಸ್ಟ್ಯಾಕನ್ನು 16 ಬೈಟುಗಳ ಗೆರೆಗೆ ಹೊಂದಿಸಿ, ಲೈಬ್ರರಿಯ ಮೂಲಕ ಮೇನ್‌ಅನ್ನು ಕರೆಯುತ್ತವೆ. 'ರಿಟರ್ನ್ 0' ಎಂಬ ಕೊನೆಯ ಸಾಲಿನ ಸೊನ್ನೆ ಯಾರ ಕೈಗೆ ಹೋಗುತ್ತದೆ ಎಂದು ಕೇಳಿದರೆ ಕಾರ್ಯಾಚರಣ ವ್ಯವಸ್ಥೆಗೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೊದಲು ಅದು ಹೋಗುವುದು ಮೇನ್‌ಅನ್ನು ಕರೆದ ಸಂಕೇತಕ್ಕೆ. ಮುದ್ರಣಕ್ಕೆಂದು ಬಫರಿನಲ್ಲಿ ಉಳಿದ ಅಕ್ಷರಗಳನ್ನು ಹೊರಹಾಕಿದ ಮೇಲಷ್ಟೇ ಸೊನ್ನೆ ಮುಂದೆ ಸಾಗುತ್ತದೆ. ಹೀಗೆ ಮೇನ್ ಮೊದಲೂ ಅಲ್ಲ, ಕೊನೆಯೂ ಅಲ್ಲ.

ಇದನ್ನು ಕನ್ನಡದಲ್ಲಿ ಹೇಳಹೊರಟವರು ಥಟ್ಟನೆ ನಾಂದಿ, ಸೂತ್ರಧಾರ ಎಂಬ ಹೋಲಿಕೆಗೆ ಕೈಹಾಕುತ್ತಾರೆ. ಹೋಲಿಕೆ ಚೆಂದವಿದೆ, ಆದರೆ ಹೊಂದುವುದಿಲ್ಲ. ನಾಂದಿಯನ್ನು ಪ್ರೇಕ್ಷಕರು ಕೇಳುತ್ತಾರೆ, ಸೂತ್ರಧಾರನನ್ನು ನೋಡುತ್ತಾರೆ. ಈ ಸಂಕೇತ ರಂಗದ ಕಸ ಗುಡಿಸಿ, ದೀಪ ಹಚ್ಚಿ ಪರದೆಯ ಹಿಂದೆ ಸರಿಯುವವರ ಸಾಲಿನದು. ಪಾರಿಭಾಷಿಕ ಪದವೊಂದನ್ನು ಟಂಕಿಸಿಬಿಟ್ಟರೆ ಕೆಲಸ ಮುಗಿಯಿತು ಎನ್ನುವುದೂ ಅಷ್ಟೇ ದುರ್ಬಲವಾದ ನಿಲುವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿಗಳು ಮರಾಠಿಯಲ್ಲಿ 'ಸಂಗಣಕ' ಎಂದು ಕೇಳಿ, ಕನ್ನಡದಲ್ಲಿ 'ಗಣಕ' ಎಂದು ಓದಿ, ಮಾತಿನಲ್ಲಿ 'ಕಂಪ್ಯೂಟರ್' ಎನ್ನುವವರು. ಹೆಸರು ಬದಲಾದಷ್ಟಕ್ಕೆ ತಿಳಿವಳಿಕೆ ಬೆಳೆಯುವುದಿಲ್ಲ ಎಂಬುದನ್ನು ಅವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಸ್ಟ್ಯಾಕ್ ಸ್ಟ್ಯಾಕಾಗಿಯೇ ಇರಲಿ. ಇಡು, ಎತ್ತು, ಒರೆಸು, ಹೊತ್ತು ತಾ, ಕರೆ, ಮರಳು ಎಂಬ ಕ್ರಿಯಾಪದಗಳು ಕನ್ನಡದಲ್ಲಿ ಧಾರಾಳವಾಗಿವೆ, ಈ ಸಂಕೇತಕ್ಕೆ ಬೇಕಾದವೂ ಹೆಚ್ಚುಕಡಿಮೆ ಅಷ್ಟೇ.

ಆದ್ದರಿಂದ ಈ ವರ್ಷದ ಐಚ್ಛಿಕ ಕನ್ನಡದ ಕಿರುಪ್ರಬಂಧಗಳಲ್ಲಿ ಒಂದಾದರೂ ಇಂಥದಾಗಲಿ. ಗಣಕ ವಿಭಾಗದ ಗೆಳೆಯರಿಂದ ಆರಂಭ ಸಂಕೇತದ ಒಂದು ಕಡತವನ್ನು ಪಡೆದು, ಅವರೊಡನೆ ಕುಳಿತು, ಸಾಲಿಗೊಂದು ಕನ್ನಡ ವಾಕ್ಯ ಬರೆಯಬೇಕು. ಅರ್ಥವಾಗದ ಸಾಲಿನೆದುರು ಜಾಗ ಖಾಲಿ ಬಿಟ್ಟು ಮತ್ತೆ ಕೇಳಬೇಕು. ಬರೆದದ್ದನ್ನು ಮೊದಲು ಆ ಗೆಳೆಯರೇ ಓದಿ ತಿದ್ದಲಿ, ಆಮೇಲೆ ವಿಭಾಗದ ಭಿತ್ತಿಪತ್ರಿಕೆಗೆ ಬರಲಿ.