ಬರೆದುಕೊಡು ಎಂದಾಗ

ಪ್ರೌಢಶಾಲೆಯಲ್ಲಿ ಪತ್ರಲೇಖನವೆಂದು ನಾವು ಕಲಿಸುತ್ತಿದ್ದುದು ನಾಲ್ಕೈದು ಬಗೆಯದು. ರಜೆ ಕೋರಿ ಮುಖ್ಯೋಪಾಧ್ಯಾಯರಿಗೆ ಅರ್ಜಿ, ಶೈಕ್ಷಣಿಕ ಪ್ರವಾಸಕ್ಕೆ ಹಣ ಬೇಡಿ ತಂದೆಗೆ ಕಾಗದ, ಬೀದಿದೀಪ ಕೆಟ್ಟಿದೆಯೆಂದು ಪುರಸಭೆಗೆ ಮನವಿ, ಕಡೆಗೆ ಕೆಲಸ ಕೋರಿ ಅರ್ಜಿ. ಈ ಕಡೆಯದರ ಒಕ್ಕಣೆಯನ್ನು ಹತ್ತನೆಯ ತರಗತಿಯ ಮಕ್ಕಳಿಂದ ತಿದ್ದಿ ತಿದ್ದಿ ಬರೆಸಿದ್ದೇನೆ. ಆದರೆ ಕೆಲಸ ಬಿಡುವ ಪತ್ರ ಹೇಗಿರಬೇಕೆಂಬುದು ನಾನು ಪಾಠ ಮಾಡಿದ ಯಾವ ವ್ಯಾಕರಣ ಪುಸ್ತಕದಲ್ಲಿಯೂ ಇರಲಿಲ್ಲ. ಈಚಿನ ವರ್ಷಗಳಲ್ಲಿ ಮನೆಗೆ ಬಂದು ಹೋಗುವ ಹಳೆಯ ವಿದ್ಯಾರ್ಥಿಗಳು ಕೇಳುವುದು ಆ ಪತ್ರವನ್ನೇ. ಅಂದು ಬೆಂಚಿನ ಮೇಲೆ ಕುಳಿತಿದ್ದವರಿಗೆ ಈಗ ನಲವತ್ತೋ ನಲವತ್ತೈದೋ ವಯಸ್ಸು. ಹೆಗಲ ಮೇಲೆ ಮನೆಸಾಲ, ಮಕ್ಕಳ ಕಾಲೇಜು, ಹಾಸಿಗೆ ಹಿಡಿದ ಹಿರಿಯರು.

ಮಳವಳ್ಳಿ ಕಡೆಯ ಒಬ್ಬನ ವಿಷಯ ಹೇಳುತ್ತೇನೆ. ಹೆಸರು ಬೇಡ, ಕಾರ್ಖಾನೆಯ ಹೆಸರೂ ಬೇಡ. ಮಳವಳ್ಳಿಗೆ ರೈಲಿಲ್ಲವಷ್ಟೆ. ಅವನು ದಿನವೂ ಬೆಳಕು ಹರಿಯುವ ಮುನ್ನ ಬೈಕಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಬೆಂಗಳೂರು ಕಡೆಯ ರೈಲು ಹಿಡಿಯುತ್ತಿದ್ದ. ಹನ್ನೆರಡು ವರ್ಷ ಹೀಗೆ ನಡೆಯಿತು. ಒಂದು ದಿನ ಮಧ್ಯಾಹ್ನ ಅವನನ್ನು ಕೋಣೆಗೆ ಕರೆದು, ನಿನ್ನ ವಿಭಾಗವನ್ನು ಮುಚ್ಚುತ್ತಿದ್ದೇವೆ, ನೀನಾಗಿಯೇ ಬಿಡುತ್ತೇನೆಂದು ಬರೆದುಕೊಟ್ಟರೆ ನಿನ್ನ ಹೆಸರು ಕೆಡುವುದಿಲ್ಲ ಎಂದರು. ಅವನು ಬರೆದುಕೊಟ್ಟ. ಮನೆಯಲ್ಲಿ ಹೇಳಲಿಲ್ಲ. ರೈಲಿನ ಪಾಸಿನ ಅವಧಿ ಇನ್ನೂ ಉಳಿದಿತ್ತು. ಹೆಂಡತಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಮೂರು ವಾರ ಅದೇ ರೈಲು ಹತ್ತಿ, ರಾಮನಗರದಲ್ಲಿ ಇಳಿದು, ನಿಲ್ದಾಣದ ಬೆಂಚಿನ ಮೇಲೆ ಹಗಲು ಕಳೆದು, ಸಂಜೆಯ ಗಾಡಿಗೆ ಹಿಂದಿರುಗುತ್ತಿದ್ದನಂತೆ. ಯಾಕಪ್ಪಾ ಹೀಗೆ ಮಾಡಿದೆ ಎಂದರೆ, "ಮರ್ಯಾದೆ ಪ್ರಶ್ನೆ ಸಾರ್" ಎಂದ.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಬಹಳ ತೂಕ. ಆದರೆ ಮರ್ಯಾದೆಯಿಂದ ಹೊರಡುವುದೆಂದರೆ ಸದ್ದಿಲ್ಲದೆ ಹೊರಡುವುದು ಎಂದು ನಮ್ಮವರು ತಿಳಿದಿರುವುದನ್ನು ನಾನು ಒಪ್ಪಲಾರೆ. ಬರಬೇಕಾದುದನ್ನು ಕೇಳುವುದು ಜಗಳವಲ್ಲ, ಭಿಕ್ಷೆಯೂ ಅಲ್ಲ. ಸಂತೆಯಲ್ಲಿ ಒಂದು ಜೊತೆ ಎತ್ತಿಗೆ ಅರ್ಧ ದಿನ ವ್ಯಾಪಾರ ಮಾಡುವ ಜನ, ಹನ್ನೆರಡು ವರ್ಷದ ದುಡಿಮೆಯನ್ನು ಹತ್ತು ನಿಮಿಷದಲ್ಲಿ ಬರೆದುಕೊಟ್ಟು ಬರುತ್ತಾರೆ!

ಆ ಒಂದು ಹಾಳೆಯ ಬೆಲೆ ಎಷ್ಟೆಂಬುದನ್ನು ಲೆಕ್ಕದ ಮೇಷ್ಟ್ರಂತೆ ಹೇಳಿಬಿಡುತ್ತೇನೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 26,000 ರೂಪಾಯಿ ಎಂದುಕೊಳ್ಳಿ. ಗ್ರಾಚ್ಯುಟಿಯ ಲೆಕ್ಕದಲ್ಲಿ ತಿಂಗಳಿಗೆ 26 ದಿನ, ಅಂದರೆ ದಿನಕ್ಕೆ 1,000. ವರ್ಷಕ್ಕೆ 15 ದಿನದ ಸಂಬಳದಂತೆ ಹನ್ನೆರಡು ವರ್ಷಕ್ಕೆ 1,80,000 ರೂಪಾಯಿ. ಐದು ವರ್ಷ ತುಂಬಿದ ಕಾಯಂ ನೌಕರನಿಗೆ ಇದು ರಾಜೀನಾಮೆ ಕೊಟ್ಟರೂ ಸಲ್ಲಬೇಕಾದ ಹಣ. ಯಾರ ಔದಾರ್ಯವೂ ಅಲ್ಲ. ಆದರೆ ಮಾಲೀಕರೇ ಕೆಲಸದಿಂದ ತೆಗೆದರೆ, ಕಾನೂನಿನ ಅರ್ಥದಲ್ಲಿ ಕಾರ್ಮಿಕನೆನಿಸಿಕೊಂಡವನಿಗೆ ಇದರ ಮೇಲೆ ಒಂದು ತಿಂಗಳ ಲಿಖಿತ ನೋಟಿಸು ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳದ ಪರಿಹಾರ ಬೇರೆಯಾಗಿ ಬರಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಉಳಿದಿದೆ. ನಾನಾಗಿಯೇ ಬಿಟ್ಟೆ ಎಂದು ಸ್ವಹಸ್ತದಿಂದ ಬರೆದವನಿಗೆ ಈ ಎರಡನೆಯ ಭಾಗ ಕೇಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಬರೆದುಕೊಡು ಎಂದು ಅಷ್ಟು ಮೃದುವಾಗಿ ಕೇಳುವುದು ಏಕೆಂದು ಈಗ ತಿಳಿಯಿತಲ್ಲವೆ? ಮೇಲ್ವಿಚಾರಕ ಮತ್ತು ವ್ಯವಸ್ಥಾಪಕ ಹುದ್ದೆಯಲ್ಲಿರುವವರಿಗೆ ಈ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ. ಅವರ ಪಾಲಿಗೆ ನೇಮಕಾತಿ ಪತ್ರದಲ್ಲಿರುವ ನೋಟಿಸಿನ ಷರತ್ತು ಮತ್ತು ಮಾತುಕತೆ ಇವೆರಡೇ ಗತಿ. ಆದ್ದರಿಂದ ಅವರು ಇನ್ನೂ ಹೆಚ್ಚು ನಿಧಾನಿಸಬೇಕು.

ಕೇಳಿದರೆ ಏನು ತಾನೆ ಸಿಕ್ಕೀತು ಎನ್ನುವವರಿಗೆ ನಮ್ಮ ಜಿಲ್ಲೆಯದೇ ಉದಾಹರಣೆಯಿದೆ. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಶ್ರೀರಂಗಪಟ್ಟಣದ ಯೂರೋ ಕ್ಲಾಥಿಂಗ್ ಗಾರ್ಮೆಂಟ್ಸ್‌ನಲ್ಲಿ, ಅದು ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ ಘಟಕ, ಆರ್ಡರ್ ಇಲ್ಲವೆಂಬ ಕಾರಣ ಹೇಳಿ 1,200ಕ್ಕೂ ಹೆಚ್ಚು ಮಂದಿಗೆ ಲೇ-ಆಫ್ ಘೋಷಿಸಲಾಯಿತು. ಬಹುಪಾಲು ಹೆಂಗಸರು, ಸುತ್ತಮುತ್ತಲ ಹಳ್ಳಿಗಳವರು. ಅವರು ಗೇಟಿನ ಬಳಿ ವಾರಗಟ್ಟಲೆ ಕುಳಿತರು. ಅಂದಿನ ಕಾನೂನಿನಂತೆ ನೂರಕ್ಕೆ ಮೇಲ್ಪಟ್ಟು ಕಾರ್ಮಿಕರಿರುವ ಕಾರ್ಖಾನೆ ಸರ್ಕಾರದ ಪೂರ್ವಾನುಮತಿ ಪಡೆಯಬೇಕಿತ್ತೆಂಬುದು ಅವರ ಸಂಘದ ವಾದ. (ಈಗ ಆ ಮಿತಿಯನ್ನು 300ಕ್ಕೆ ಏರಿಸಿದ್ದಾರೆ. ನನಗೆ ಇದು ಸರಿಕಾಣುವುದಿಲ್ಲ.) ದಿನ ದೂಡಲಾರದೆ ಅನೇಕರು ಹಣ ಪಡೆದು ರಾಜೀನಾಮೆ ಕೊಟ್ಟರು. ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ, ಒಲೆ ಉರಿಯಬೇಕಲ್ಲ. ಆದರೂ ಬಿಡದೆ ನಡೆದ ಮಾತುಕತೆಯ ಫಲವಾಗಿ 2021ರ ಫೆಬ್ರವರಿಯಲ್ಲಿ, ಕೆಲಸ ಕಳೆದುಕೊಂಡವರನ್ನು ಕಂಪನಿಯ ಬೇರೆ ಘಟಕಗಳಲ್ಲಿ ಮತ್ತೆ ತೆಗೆದುಕೊಳ್ಳುವ ಒಪ್ಪಂದವಾಯಿತು. ಓದುಬರಹ ಕಡಿಮೆಯೆಂದು ನಾವು ಭಾವಿಸುವ ಹೆಣ್ಣುಮಕ್ಕಳು ಕುಳಿತು ಕೇಳಿದ್ದನ್ನು, ಪದವಿ ಪಡೆದ ನಮ್ಮ ಗಂಡುಹುಡುಗರು ನಿಂತು ಕೇಳಲು ನಾಚುತ್ತಾರೆ.

ಇನ್ನೊಂದು ಉದಾಹರಣೆ ಮಂಡ್ಯದವರೆಲ್ಲ ಕೈಮುಗಿಯುವ ವ್ಯಕ್ತಿಯದು. ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿ ಬಿಟ್ಟಾಗ ಸರ್ಕಾರಿ ಕಾರಿನಲ್ಲಿ ಹೋಗಿ ಸ್ವಂತ ಕಾರಿನಲ್ಲಿ ಬಂದರೆಂಬ ಕತೆಯನ್ನು ಶಾಲೆಗಳಲ್ಲಿ ಇಂದಿಗೂ ಹೇಳುತ್ತಾರೆ. ಚೆನ್ನಾದ ಕತೆ. ಆದರೆ ಅದಕ್ಕೆ ಹತ್ತು ವರ್ಷ ಹಿಂದೆ, 1908ರಲ್ಲಿ, ಅವರು ಬೊಂಬಾಯಿ ಸರ್ಕಾರದ ಕೆಲಸವನ್ನು ಬಿಟ್ಟ ಬಗೆಯನ್ನು ಯಾರೂ ಹೇಳುವುದಿಲ್ಲ. ಭಾರತೀಯನಾದವನಿಗೆ ಮೇಲಿನ ಹುದ್ದೆಯ ದಾರಿ ಕಿರಿದಾಗಿದ್ದ ಕಾಲ. 1884ರಿಂದ ದುಡಿದಿದ್ದರೂ ಪಿಂಚಣಿಗೆ ಬೇಕಾದ 25 ವರ್ಷ ತುಂಬಿರಲಿಲ್ಲ. ಆದರೂ ಅವರು ಪಿಂಚಣಿ ಸಹಿತವಾಗಿಯೇ ಹೊರಬಂದರು. ಮರುವರ್ಷ ಮೈಸೂರಿನ ಮುಖ್ಯ ಇಂಜಿನಿಯರಾದರು. ಕನ್ನಂಬಾಡಿ, ನಾಲೆ, 1933ರ ಮೈಸೂರು ಸಕ್ಕರೆ ಕಾರ್ಖಾನೆ ಎಲ್ಲವೂ ಅದರಾಚೆಗಿನ ಮಾತು. ಪಿಂಚಣಿ ಪಡೆದುದರಿಂದ ಅವರ ಘನತೆಗೆ ಕುಂದು ಬಂದಿತೆಂದು ಯಾರಾದರೂ ಹೇಳಿಯಾರೆ?

ಕಾಯಂ ಎಂಬ ಮಾತಿನ ಮೇಲೆ ನಮ್ಮ ಹಿಂದಿನ ತಲೆಮಾರಿಗೆ ಇದ್ದ ನಂಬಿಕೆ ಆ ಸಕ್ಕರೆ ಕಾರ್ಖಾನೆಯಿಂದಲೇ ಬಂದದ್ದು. ಅದೂ ಕೆಲವು ವರ್ಷ ಕಬ್ಬು ಅರೆಯುವುದನ್ನು ನಿಲ್ಲಿಸಿ, 2022ರಲ್ಲಿ ಮತ್ತೆ ಶುರುಮಾಡಿತು. ಸರ್ಕಾರದ ಕಾರ್ಖಾನೆಯ ಗತಿಯೇ ಹೀಗಿರುವಾಗ ಖಾಸಗಿಯವರ ಮಾತೇನು?

ಕೇಳುವುದಾದರೂ ಏನನ್ನು? ಮೊದಲು ಸಮಯ. ಆ ಕೋಣೆಯಲ್ಲಿ ಆ ದಿನ ಸಹಿ ಹಾಕಬೇಡಿ. "ಓದಿ, ಮನೆಯಲ್ಲಿ ಮಾತಾಡಿ, ಎರಡು ದಿನದಲ್ಲಿ ತಿಳಿಸುತ್ತೇನೆ" ಎನ್ನಲು ಇಂಗ್ಲಿಷೂ ಬೇಡ, ಧೈರ್ಯವೂ ಹೆಚ್ಚು ಬೇಡ. ಆಮೇಲೆ, ಯಾವ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆಂಬುದನ್ನು ಕೇಳಿ. 2016ರಲ್ಲಿ ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದಾಗ, ನೌಕರರ ಪರಿಹಾರವನ್ನು 2007ರ ವೇತನ ಶ್ರೇಣಿ ಸಿಕ್ಕಿದೆಯೆಂದು ಭಾವಿಸಿಕೊಂಡು ಲೆಕ್ಕ ಹಾಕಿತು. ಹಳೆಯ ಶ್ರೇಣಿಯಲ್ಲಿಯೇ ಉಳಿದವರಿಗೆ ಇದರಿಂದಾದ ವ್ಯತ್ಯಾಸ ಸಣ್ಣದಲ್ಲ. ಅನುಭವ ಪತ್ರದ ಒಕ್ಕಣೆಯನ್ನು ಮೊದಲೇ ಓದಿಸಿಕೊಳ್ಳಿ. ಭವಿಷ್ಯನಿಧಿಯಲ್ಲಿ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎಂಟು, ಒಂಬತ್ತನೆಯ ವರ್ಷದಲ್ಲಿ ಹಣವೆಲ್ಲ ತೆಗೆದುಬಿಡುವವರು ಇದನ್ನು ಮರೆತಿರುತ್ತಾರೆ.

ಮದ್ದೂರಿನ ಮತ್ತೊಬ್ಬ ಹುಡುಗ, ಅವನೂ ನಮ್ಮ ಶಾಲೆಯವನೇ, ಎರಡು ದಿನದ ವಾಯಿದೆ ಕೇಳಿಕೊಂಡು ನೇರವಾಗಿ ನನ್ನಲ್ಲಿಗೆ ಬಂದ. ಅವನ ಚಿಂತೆ ಹಣದ್ದಲ್ಲ. ತಾಯಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಅದರ ಖರ್ಚು ಕಂಪನಿಯ ವಿಮೆಯಿಂದ. ಕೆಲಸ ಹೋದ ದಿನವೇ ಆ ವಿಮೆಯೂ ಹೋಗುತ್ತದೆ. ಇಬ್ಬರೂ ಕುಳಿತು ಒಂದು ಪುಟ ಬರೆದೆವು. ಐದು ತಿಂಗಳ ಸಂಬಳ ಕೇಳಿದ, ಎರಡು ತಿಂಗಳದು ಕೊಟ್ಟರು. ವಿಮೆಯನ್ನು ಮಾತ್ರ ಪಾಲಿಸಿಯ ವರ್ಷ ಮುಗಿಯುವವರೆಗೆ ಮುಂದುವರಿಸಲು ಒಪ್ಪಿದರು, ಏಳು ತಿಂಗಳು. ಹಣಕ್ಕಾಗಿಯೇ ಪಟ್ಟುಹಿಡಿದಿದ್ದರೆ ಅದು ಸಿಗುತ್ತಿತ್ತೋ ಇಲ್ಲವೋ. ತನಗೆ ಯಾವುದು ಮುಖ್ಯವೆಂಬುದು ಅವನಿಗೆ ಸ್ಪಷ್ಟವಿತ್ತು.

ಬಂಧುಗಳಿಗೂ ಒಂದು ಮಾತು. ಕೆಲಸ ಕಳೆದುಕೊಂಡವನ ಮನೆಗೆ ಹೋಗಿ "ಹೊಲ ಇದೆಯಲ್ಲ ಬಿಡು, ಬೋರು ಕೊರೆಸು" ಎನ್ನಬೇಡಿ. ಬಂದ ಪರಿಹಾರದ ಹಣ ಹಲಗೂರು ಕಡೆಯ ಒಣನೆಲದಲ್ಲಿ ಆರುನೂರು ಅಡಿ ಇಳಿದು ಧೂಳಾಗಿ ಮೇಲೆ ಬಂದುದನ್ನು ಕಂಡಿದ್ದೇನೆ. ಆರು ತಿಂಗಳ ಮನೆಖರ್ಚನ್ನು ಬ್ಯಾಂಕಿನಲ್ಲಿಟ್ಟು, ಮದುವೆ, ಮಾಳಿಗೆ ಮೊದಲಾದುವನ್ನು ಅದರ ಆಚೆಗೆ ತಳ್ಳಬೇಕು. ಮತ್ತು ಹೆಂಡತಿಗೆ ಆ ದಿನವೇ ಹೇಳಬೇಕು. ರಾಮನಗರದಲ್ಲಿ ಇಳಿಯುತ್ತಿದ್ದ ನಮ್ಮ ಹುಡುಗನ ಗುಟ್ಟು ಹೆಂಡತಿಗೆ ತಿಳಿದದ್ದು ಸಹಪ್ರಯಾಣಿಕನೊಬ್ಬನ ಬಾಯಿಂದ. "ಕೆಲಸ ಹೋದದ್ದಕ್ಕೆ ಅಳಲಿಲ್ಲ ಮೇಷ್ಟ್ರೇ, ಮೂರು ವಾರ ಬುತ್ತಿ ಕಟ್ಟಿಸಿಕೊಂಡರಲ್ಲ, ಅದಕ್ಕೆ ಅತ್ತೆ" ಎಂದು ಆಕೆ ನನ್ನೆದುರೇ ಹೇಳಿದಳು. ಅವನು ತಲೆ ಎತ್ತಲಿಲ್ಲ. ಈಗ ಮಂಡ್ಯದ ಒಂದು ವರ್ಕ್‌ಶಾಪಿನಲ್ಲಿದ್ದಾನೆ, ಸಂಬಳ ಕಡಿಮೆ.

ಅಂಥ ಕಾಗದ ಬರೆಯಬೇಕಾಗಿ ಬಂದವರು ನನಗೆ ಫೋನು ಮಾಡಿ. ನೇಮಕಾತಿ ಪತ್ರ, ಕಡೆಯ ಮೂರು ತಿಂಗಳ ಸಂಬಳದ ಚೀಟಿ, ಭವಿಷ್ಯನಿಧಿಯ ಪಾಸ್‌ಬುಕ್ಕಿನ ಪ್ರತಿ ಜೊತೆಗಿರಲಿ. ಸಂಜೆ ನಾಲ್ಕರ ಮೇಲೆ ಮನೆಯಲ್ಲಿಯೇ ಇರುತ್ತೇನೆ.